ಓಗೊಡದ ಬೆಳ್ಯಪ್ಪ

ತನ್ನ ಹೆಸರು ಗುಡ್ಡದ ಮೇಲಿಂದ ತೇಲಿ ಬಂದಾಗ ಬೆಳ್ಯಪ್ಪ ಬಾಯಿಗೆ ಅಂಗೈ ಅಡ್ಡ ಹಿಡಿದು, ನಾಲಿಗೆಯ ತುದಿಗೆ ಬಂದಿದ್ದ 'ಓ'ವನ್ನು ನುಂಗಿಕೊಂಡ. ಕೂಗು ಒಂದೇ ಸಲ ಬಂದು ನಿಂತಿತು. ಮುಸ್ಸಂಜೆಯ ಕಾಡಿನಲ್ಲಿ ಒಂದೇ ಸಲ ಕೂಗುವವರು ಯಾರೆಂದು ಸಂಪಾಜೆಯ ಮಕ್ಕಳಿಗೂ ಗೊತ್ತು. ಸತ್ತವರು. ಎರಡನೆಯ ಸಲ ಕೂಗಲು ಅವರಿಗೆ ಉಸಿರು ಸಾಲದು. ಓಗೊಟ್ಟವನನ್ನು ಮಾತ್ರ ಬಿಡದೆ ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಮೂರು ಸಲ ಕೂಗಿದರೆ ಮನುಷ್ಯರೆಂದು ನಂಬಬಹುದು.

ಅವನಿಗೆ ಈ ಗತಿ ತಂದದ್ದು ಅವನದೇ ಬಾಯಿ. ಹೆಂಡತಿ ದೇವಮ್ಮನ ತಮ್ಮ ಕೃಷ್ಣಮೋಹನ ಮಿಲಿಟರಿಯಿಂದ ರಜೆಗೆ ಬಂದವನು, ಕಾಶ್ಮೀರದ ಹಿಮದ ಕಥೆ ಹೇಳಿ ಹೇಳಿ ಜಗಲಿ ತುಂಬ ಜನ ಸೇರಿಸಿದ್ದ. ಬೆಳ್ಯಪ್ಪನಿಗೆ ಹೊಟ್ಟೆ ಉರಿಯಿತು. ಚಳಿ ನಮ್ಮ ಗುಡ್ಡದಲ್ಲಿಯೂ ಉಂಟು, ಅದರಲ್ಲಿ ಮಲಗಲು ಸರಕಾರ ಕೊಟ್ಟ ಕೋಟು ಬೇಡ ಎಂದುಬಿಟ್ಟ. ಮರುದಿನವೇ ಕಂಬಳಿ, ಕತ್ತಿ, ಬೆಂಕಿಪೊಟ್ಟಣ, ಅವಲಕ್ಕಿಯ ಗಂಟು ಹಿಡಿದು, ಧನು ತಿಂಗಳ ಗಾಳಿಗೆ ಎದೆ ಕೊಟ್ಟು ಒಬ್ಬನೇ ಗುಡ್ಡ ಹತ್ತಿದ. ಯಾವ ದಾರಿ ಹಿಡಿಯುತ್ತೇನೆಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ಶೂರತನ ಕಡಿಮೆಯಾಗುತ್ತದಲ್ಲ.

ಒಂದು ರಾತ್ರಿ ಸುಖವಾಗಿಯೇ ಕಳೆಯಿತು. ಕೆಟ್ಟದ್ದು ಬೆಳಿಗ್ಗೆ. ತೋಡು ದಾಟುವಾಗ ಪಾಚಿಗಲ್ಲಿನ ಮೇಲೆ ಕಾಲಿಟ್ಟು ಕಂಬಳಿ ಸಮೇತ ನೀರಿಗೆ ಬಿದ್ದ. ಕಾಲು ಉಳುಕಿತು, ಬೆಂಕಿಕಡ್ಡಿ ನೆನೆಯಿತು, ಅವಲಕ್ಕಿ ಮೀನುಗಳ ಪಾಲಾಯಿತು. ತೆವಳಿಕೊಂಡು ಒಂದು ಬಂಡೆಯ ಬುಡ ಸೇರಿದ. ಆ ಕಣಿವೆಗೆ ಬಿಸಿಲು ಇಳಿಯಲೇ ಇಲ್ಲ. ಮಧ್ಯಾಹ್ನ ಕಳೆದರೂ ಹಲ್ಲು ಕಟಕಟ ಎನ್ನುತ್ತಿತ್ತು. ಸಂಜೆಯ ಹೊತ್ತಿಗೆ ನಡುಕ ನಿಂತು ಹಿತವಾದ ನಿದ್ದೆ ಎಳೆಯತೊಡಗಿತು. ಅಂತೂ ಚಳಿ ಸೋತಿತು ಎಂದು ಪಾಪ, ಖುಷಿಪಟ್ಟ.

ಮೇಲೆ ದಿಬ್ಬದಲ್ಲಿ, ಮರುದಿನವೂ ಮನೆಗೆ ಬಾರದ ಅವನನ್ನು ಹುಡುಕಿಕೊಂಡು ಬಂದವರು ಮಂಜಿನ ನಡುವೆ ನಿಂತಿದ್ದರು. ಆ ಒಂದು ಸಲ ಕೂಗಿದ್ದು ಅವರ ಮುಂದಾಳು, ಮುದುಕ ಡೊಂಬಯ್ಯ. ಅವನು ನಂಬಿದ ಕಟ್ಟಳೆ ಇನ್ನೊಂದಿತ್ತು: ಹೊತ್ತು ಮುಳುಗಿದ ಮೇಲೆ ಕಾಡಿನಲ್ಲಿ ಯಾರನ್ನೂ ಎರಡನೆಯ ಸಲ ಕೂಗಬಾರದು, ಕೂಗಿದರೆ ಕಾಡಿನ ಭೂತಗಣಗಳು ಆ ಹೆಸರು ಕಲಿತುಕೊಳ್ಳುತ್ತವೆ. ಈ ಎರಡು ಕಟ್ಟಳೆಗಳು ಊರಿನಲ್ಲಿ ಇಷ್ಟು ಕಾಲ ಜಗಳವಿಲ್ಲದೆ ಬಾಳಿದ್ದವು. ಹೊತ್ತು ಮುಳುಗಿದ ಮೇಲೆ ಕಾಡಿನಲ್ಲಿ ಕೂತಿರುವ ಬುದ್ಧಿವಂತ ಇದುವರೆಗೆ ಯಾರೂ ಹುಟ್ಟಿರಲಿಲ್ಲ.

ಕೃಷ್ಣಮೋಹನ ತಡೆಯಲಾರದೆ "ಭಾವಾ" ಎಂದು ಬಾಯಿ ತೆರೆದ. ಡೊಂಬಯ್ಯ ಗಬಕ್ಕನೆ ಮುಚ್ಚಿಸಿದ. ಆ ಹುಡುಗನ ಜಂಬವೆಲ್ಲ ಇಳಿದುಹೋಗಿತ್ತು. ಚಳಿಯಲ್ಲಿ ನಗುನಗುತ್ತ ಮಲಗಿದವರನ್ನು ಅವನು ಕಣ್ಣಾರೆ ಕಂಡಿದ್ದ.

"ಈಗ ನಿದ್ದೆ ಮಾಡಿರೆ ಭಾವ ಮತ್ತೆ ಏಳುಲೆ, ಅಕ್ಕಾ," ಎಂದ ಮೆಲ್ಲಗೆ.

ದೇವಮ್ಮ ಎಣ್ಣೆಯ ಕುಪ್ಪಿಯನ್ನು ಮಡಿಲಿನಲ್ಲಿ ಕಟ್ಟಿಕೊಂಡು ಎಲ್ಲರ ಹಿಂದೆ ಬಂದಿದ್ದಳು. ಮದುವೆಯಾದಂದಿನಿಂದ ಗಂಡನ ಹೆಸರನ್ನು ಒಮ್ಮೆಯೂ ಬಾಯಲ್ಲಿ ತಂದವಳಲ್ಲ. ಜನಗಣತಿಯವರು ಬಂದಾಗಲೂ ಪಕ್ಕದ ಮನೆಯವಳನ್ನು ಕರೆದು ಹೇಳಿಸಿದ್ದಳು. ಈಗ ಅವಳು ಡೊಂಬಯ್ಯನನ್ನು ಬದಿಗೆ ಸರಿಸಿ ದಿಬ್ಬದ ಅಂಚಿಗೆ ಹೋದಳು. "ಬೆಳ್ಯಪ್ಪಾ," ಎಂದು ಕೂಗಿದಳು. ಮತ್ತೊಮ್ಮೆ ಕೂಗಿದಳು. ಮೂರನೆಯ ಸಲ ಸ್ವರ ಒಡೆಯಿತು. ಗಂಡಸರೆಲ್ಲ ನೆಲ ನೋಡುತ್ತ ನಿಂತರು.

ಕೆಳಗೆ ಬೆಳ್ಯಪ್ಪನ ನಿದ್ದೆ ಹಾರಿಹೋಯಿತು. ಕೂಗು ಮೂರು ಸಲ ಬಂದದ್ದು ನಿಜ, ಸ್ವರವೂ ದೇವಮ್ಮನದೇ. ಆದರೆ ದೇವಮ್ಮ ತನ್ನ ಹೆಸರು ಹಿಡಿದು ಕರೆಯುವುದುಂಟೆ? ಇದು ಎಲ್ಲ ಕಟ್ಟಳೆ ಕಲಿತ ಪ್ರೇತ ಎಂದು ಹೆದರಿ ಅವನು ಬಂಡೆಯ ಸಂದಿಗೆ ಇನ್ನಷ್ಟು ಸರಿದ.

ಇನ್ನು ಆಚೆಯ ದಿಬ್ಬ ನೋಡೋಣ ಎಂದು ಯಾರೋ ಹೊರಟರು. ದೇವಮ್ಮ ಕದಲಲಿಲ್ಲ. ಅಳು ಬಂತು. ಬೆನ್ನಿಗೇ ಸಿಟ್ಟು ಬಂದು ಅಳುವನ್ನು ದಾಟಿ ಮುಂದೆ ಹೋಯಿತು.

"ಕೋಳಿಗೂಡಿನ ಬಾಗಿಲ್ ಹಾಕಿಕೆ ಹೇಳಿ ಹೇಳಿ ನನ್ನ ಬಾಯಿ ಒಣಗಿತ್," ಎಂದು ಕಣಿವೆಗೆ ಕಿರುಚಿದಳು. "ಮೊನ್ನೆ ರಾತ್ರೆ ಕಾವಿಗೆ ಕೂತ ಹೇಂಟೆನ ಕಾಡ್‌ಬೆಕ್ಕ್ ಹೊತ್ಕಂಡ್ ಹೋತ್. ಕಾಡಿಲಿ ಒಬ್ಬನೇ ಮಲಗುವ ಶೂರಂಗೆ ಒಂದ್ ಬಾಗಿಲ್ ಹಾಕಿಕೆ ಆದ್ಲೆನಾ?"

ಕೆಳಗೆ ಬಂಡೆಯ ಬುಡದಿಂದ ಗೊಗ್ಗರು ಸ್ವರವೊಂದು ಕೇಳಿಸಿತು.

"ಬಾಗಿಲ್ ನಾ ಹಾಕಿದ್ದೆ."

ಕೃಷ್ಣಮೋಹನ ಮಂಗನ ಹಾಗೆ ಹಾರಿಕೊಂಡು ಇಳಿದ. ಡೊಂಬಯ್ಯ ನಗು ತಡೆಯಲಾರದೆ ಹುಲ್ಲಿನ ಮೇಲೆ ಕೂತೇಬಿಟ್ಟ. ಎಬ್ಬಿಸಲು ಇಬ್ಬರು ಬೇಕಾದರು. ತೋಡಿನ ಬದಿಯಲ್ಲೇ ಬೆಂಕಿ ಹಾಕಿದರು. ಒದ್ದೆ ಬಟ್ಟೆ ತೆಗೆದು ಸರಕಾರದ ಕೋಟನ್ನು ಹೊದೆಸಿದಾಗ ಬೆಳ್ಯಪ್ಪ ಬೇಡ ಎನ್ನಲಿಲ್ಲ. ಆ ಬೆಂಕಿಯಲ್ಲೇ ಕಾಸಿದ ಕಾಫಿ ಗಂಟಲಿಗಿಳಿದ ಮೇಲೆ ನಡುಕ ತಿರುಗಿ ಬಂತು. ಬಂದಿತಲ್ಲ, ಇನ್ನು ಭಯವಿಲ್ಲ ಎಂದು ಕೃಷ್ಣಮೋಹನ ಸಾರಿದ. ಆ ನಡುಕಕ್ಕೆ ಅಷ್ಟು ಜನ ಒಟ್ಟಿಗೆ ಸಂತೋಷಪಟ್ಟರು. ಯಾರೋ ಅಷ್ಟರಲ್ಲಾಗಲೇ ಕೋಳಿಗೂಡಿನ ವಿಚಾರಣೆ ಸುರುಮಾಡಿದ್ದರು.

ದೇವಮ್ಮ ಉಳುಕದ ಕಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಬೆರಳುಗಳು ಬಿಳಿಚಿಕೊಂಡು ಕೊರಡಿನ ಹಾಗಿದ್ದವು; ಅವುಗಳಲ್ಲಿ ಜೀವ ಉಳಿದಿದ್ದರೆ ನೋವಾಗಬೇಕು. ಎಣ್ಣೆ ಬಿಸಿಮಾಡಿ ಹಚ್ಚಿ ಉಜ್ಜತೊಡಗಿದಳು.

"ನೋವುಟ್ಟಾ?"

"ಇಲ್ಲೆ."

ಅವಳ ಮುಖ ಸಣ್ಣದಾಯಿತು. ಮತ್ತೆ ಎಣ್ಣೆ ಸುರಿದು, ಒಂದೊಂದೇ ಬೆರಳನ್ನು ಹಿಡಿದು ಉಜ್ಜಿದಳು. ಮಾತಾಡುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಹತ್ತಿರ ಸರಿದು ಆ ಪಾದವನ್ನೇ ನೋಡುತ್ತ ಕೂತರು. ಬಹಳ ಹೊತ್ತಿನ ಮೇಲೆ ಬೆಳ್ಯಪ್ಪ ಹಲ್ಲು ಕಚ್ಚಿ ಕಾಲು ಎಳೆದುಕೊಳ್ಳಲು ನೋಡಿದ.

"ನೋವುಟ್ಟಾ?"

"ಉಟ್ಟು ಮಾರಾಯ್ತಿ, ಬಿಡ್."

ದೇವಮ್ಮ ಮೊಣಕೈಯಿಂದ ಕಣ್ಣು ಒರೆಸಿಕೊಂಡು, ಕಾಲನ್ನು ಬಿಗಿಯಾಗಿ ಹಿಡಿದು ಇನ್ನೂ ಜೋರಾಗಿ ಉಜ್ಜಿದಳು.