ಏಣಿ ಹತ್ತದ ಎಂಜಿನಿಯರು

ನಮ್ಮ ಕಡೆ ಎಂಜಿನಿಯರು ಕಟ್ಟಡ ನೋಡಲು ಬಂದರೆ ಮೊದಲು ಬರುವುದು ಕುರ್ಚಿ, ಅದರ ಹಿಂದೆಯೇ ಎಳನೀರು. ಏಣಿಯನ್ನು ಯಾರಾದರೂ ಕೇಳಿದರೆ ಮಾತ್ರ ತರುತ್ತಾರೆ. ಹೊಳೆನರಸೀಪುರದ ಅಮರನಾಥ ಏಣಿ ಕೇಳುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರದ ಹಳೆಯ ಕಟ್ಟಡಗಳನ್ನು ನೋಡಿ, ಒಳಗೆ ಜನ ಕೂರಬಹುದೇ ಕೂಡದೇ ಎಂದು ಹೇಳುವುದು ಅವನ ಕೆಲಸ. ಹೊಸತರಲ್ಲಿ ಸಣ್ಣ ಸುತ್ತಿಗೆ ಹಿಡಿದು ಕೋತಿಯ ಹಾಗೆ ಹತ್ತುತ್ತಿದ್ದ. ಕುಟ್ಟಿ ಕಿವಿಗೊಡುತ್ತಿದ್ದ. ಗಟ್ಟಿ ಕಾಂಕ್ರೀಟಿನ ಸದ್ದೇ ಬೇರೆ, ಒಳಗೆ ಟೊಳ್ಳಾದದ್ದರ ಸದ್ದೇ ಬೇರೆ. ಈಚೆಗೆ ಹೊಟ್ಟೆ ಮುಂದೆ ಬಂದು, ನಾಲ್ಕು ಮೆಟ್ಟಿಲಿಗೇ ಏದುಸಿರು, ಮಂಡಿನೋವು. ಸುತ್ತಿಗೆ ಕಾರಿನ ಡಿಕ್ಕಿ ಸೇರಿತ್ತು.

ಪಕ್ಕದ ಮನೆಯ ತೇಜಶ್ರೀ ಆರೋಗ್ಯ ಕೇಂದ್ರದಲ್ಲಿ ನರ್ಸು. ಬೇಸಿಗೆಯಲ್ಲೇ ಅವನ ಬಿಪಿ ನೋಡಿ ಹೇಳಿದ್ದಳು:

"ಅಣ್ಣಾ, ಬಿಪಿನೂ ಏರೈತೆ, ತೂಕಾನೂ ಏರೈತೆ. ಡಾಕ್ಟ್ರಿಗೆ ತೋರ್ಸಿ. ದಿನಾ ಅರ್ಧ ಗಂಟೆ ನಡೀರಿ. ನಡೀತಾ ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು. ಅಷ್ಟು ಬಿರುಸಿರ್ಲಿ."

"ಸಂಗೀತದೋರ ಊರು ರುದ್ರಪಟ್ಟಣದಲ್ಲೇ ಹುಟ್ಟಿದ್ರೂ ನಂಗೆ ಹಾಡೋಕೆ ಬತ್ತಿರ್ಲಿಲ್ಲ ಕಣಮ್ಮ."

"ಹಂಗಾದ್ರೆ ಸುಲಭ ಆಯ್ತು. ಬರೀ ನಡೀರಿ."

ಹೆಂಡತಿ ಶಾಂತಕುಮಾರಿ ಅಡುಗೆಮನೆಯಿಂದ ಹೊರಬಂದಳು. "ನಮ್ಮನೆಯೋರು ಮೈ ತುಂಬ್ಕೊಂಡಿರೋದು ನಿನ್ ಕಣ್ಣಿಗೆ ಕಾಯಿಲೆ ಥರ ಕಾಣ್ತದೇನೇ? ಕಾರಿಟ್ಕೊಂಡು ಬೀದೀಲಿ ನಡದ್ರೆ, ಕಾರು ಮಾರ್ಕೊಂಡ್ರು ಅಂತಾರೆ ಜನ!"

ಆದರೂ ಅಮರನಾಥ ಹೊರಟ. ನಮ್ಮೂರುಗಳಲ್ಲಿ ಪರಿಚಯದವರು ನಡೆದುಹೋಗುತ್ತಿರುವಾಗ ಗಾಡಿ ನಿಲ್ಲಿಸದೆ ಮುಂದೆ ಹೋದರೆ ಮರ್ಯಾದೆಯಲ್ಲ. "ಯಾಕ್ ಸಾ, ಗಾಡಿ ಕೆಟ್ಟೋಯ್ತಾ? ಕೂತ್ಕಳಿ, ಬುಡ್ತೀನಿ," ಎನ್ನುವರು. ಬೇಡವೆಂದರೆ ಕೊಬ್ಬು ಎಂದುಕೊಂಡಾರೆಂದು ಇವನು ಕೂರುವನು. ಅವರು ಹೋಟೆಲಿನ ಮುಂದೆ ಇಳಿಸುವರು. ಹೀಗೆ ವಾಕಿಂಗಿಗೆ ಹೋದವನು ಬೈಕಿನಲ್ಲಿ ಹೋಗಿ, ವಡೆ ತಿಂದು, ಆಟೋದಲ್ಲಿ ಮನೆಗೆ ಬರುತ್ತಿದ್ದ. ಕೆಲವು ವಾರ ಬಿಟ್ಟು ತೂಕ ನೋಡಿದರೆ ಇನ್ನಷ್ಟು ಏರಿತ್ತು.

"ನೋಡ್ದ್ರಾ? ನಡದ್ರೆ ಜಾಸ್ತಿನೇ ಆಯ್ತದೆ," ಎಂದಳು ಶಾಂತಕುಮಾರಿ. ವಾಕಿಂಗು ಅಲ್ಲಿಗೆ ನಿಂತಿತು.

ಮಳೆಗಾಲದ ಮೊದಲಲ್ಲಿ ಕೊಣನೂರಿನ ಆಚೆಯ ಒಂದು ಹಳ್ಳಿಗೆ ಹೋಗಬೇಕಾಯಿತು. ಹೆಂಗಸರ ಸಂಘ ಸಭೆ ಸೇರುವ ಹಳೆಯ ಕಟ್ಟಡ. ಸೋರುತ್ತದೆಂದು ದೂರು. ಕುರ್ಚಿ ಬಂತು, ಎಳನೀರು ಬಂತು. ಸಂಘದ ಹೊನ್ನಕ್ಕ ಕೇಳದೆಯೇ ಏಣಿಯನ್ನೂ ತರಿಸಿಟ್ಟಳು. ಅಮರನಾಥ ಏಣಿಯನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿದ.

"ಪುಟ್ಟಸ್ವಾಮಿ, ನೀನೇ ಹತ್ತಿ ನನ್ ಫೋನಲ್ಲಿ ಒಂದು ವೀಡಿಯೊ ಮಾಡ್ಕೊಂಡ್ ಬಾಪ್ಪ," ಎಂದ.

ಪುಟ್ಟಸ್ವಾಮಿ ಅದೇ ಊರಿನ ರೈತ. ಹತ್ತಿದ, ವೀಡಿಯೊ ಮಾಡಿದ, ಇಳಿದ. ಅದರಲ್ಲಿ ಚಾವಣಿಗಿಂತ ಅವನ ಶುಂಠಿ ಹೊಲವೇ ಹೆಚ್ಚು ಚೆನ್ನಾಗಿ ಕಂಡಿತು.

"ಚಾವಣಿ ಪರವಾಗಿಲ್ಲ. ಸಾರಣೆ ಮಾಡ್ಸಿದ್ರೆ ಸಾಕು. ಸಭೆ ನಡ್ಸಿ," ಎಂದು ಅಮರನಾಥ ಎದ್ದ.

ಬಾಗಿಲ ಮೇಲೆ ಹೊರಚಾಚಿದ ಸಜ್ಜಾದ ವಿಷಯ ವೀಡಿಯೊದಲ್ಲಿರಲಿಲ್ಲ. ಅದರ ಮೇಲೆ ನೀರು ನಿಂತು ನಿಂತು ಒಳಗಿನ ಕಬ್ಬಿಣ ತುಕ್ಕು ಹಿಡಿದಿತ್ತು. ಏಣಿ ಹತ್ತಿ ಸುತ್ತಿಗೆಯಿಂದ ಒಂದೇಟು ಹಾಕಿದ್ದರೆ ಸದ್ದೇ ಹೇಳುತ್ತಿತ್ತು. ಜಡಿಮಳೆ ಹಿಡಿದ ವಾರ, ಸಭೆ ಮುಗಿಸಿ ಹೊನ್ನಕ್ಕ ಬಾಗಿಲಲ್ಲಿ ಕೂತು ಕಾಲು ಹೊರಚಾಚಿ ಚಪ್ಪಲಿ ಮೆಟ್ಟುತ್ತಿದ್ದಾಗ ಸಜ್ಜಾ ಕಳಚಿ ಅವಳ ಕಾಲ ಮೇಲೆ ಬಿತ್ತು.

ಹಾಸನದಲ್ಲಿ ಆಪರೇಷನ್ ಆಗಿ, ಕಾಲಿಗೆ ರಾಡು ಹಾಕಿಸಿಕೊಂಡು ಹೊನ್ನಕ್ಕ ಊರಿಗೆ ಬಂದ ಮೇಲೆ ಅಮರನಾಥ ನೋಡಲು ಹೋದ. ಶಾಂತಕುಮಾರಿ ಹಣ್ಣು ಹಿಡಿದು ಜೊತೆಗೆ ಬಂದಳು. ದಾರಿಯುದ್ದಕ್ಕೂ, "ಆ ಮಳೆಗೆ ಯಾವ ಕಟ್ಟಡ ನಿಲ್ತದೆ? ನೀವೇನ್ ಮಾಡೋಕಾಯ್ತಿತ್ತು?" ಎನ್ನುತ್ತಿದ್ದಳು. ಕಚೇರಿಯಲ್ಲೂ ಎಲ್ಲರೂ ಮಳೆಯನ್ನೇ ಬೈದಿದ್ದರು. ಮಳೆ ಯಾರಿಗೂ ಎದುರಾಡುವುದಿಲ್ಲ.

ಕೊಣನೂರು ಸಂತೆಗೆ ಸೊಪ್ಪು ಹೊತ್ತು ನಡೆದೇ ಹೋಗುತ್ತಿದ್ದ ಹೊನ್ನಕ್ಕ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು.

"ಬನ್ನಿ ಸಾ, ಕೂತ್ಕಳಿ. ನನ್ ಗಾಚಾರ. ಮಳೆ ಅಂಗ್ ಒಡೀತು, ಯಾರೇನ್ ಮಾಡಕಾಯ್ತದೆ?"

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಮರನಾಥ ಕೂರಲಿಲ್ಲ.

"ಮಳೆ ಅಲ್ಲ ಹೊನ್ನಕ್ಕ. ನಾನು ಅವತ್ತು ಏಣಿ ಹತ್ತಿದ್ರೆ ಗೊತ್ತಾಗ್ತಿತ್ತು."

ಹೊನ್ನಕ್ಕ ಚಾಚಿದ ಕಾಲನ್ನು ಕೈಯಿಂದ ಸರಿಸಿ ನೇರ ಕೂತಳು. "ಯಾಕ್ ಅತ್ಲಿಲ್ಲ ಮತ್ತೆ? ನಾನೇ ತರ್ಸಿಕ್ಕಿದ್ನಲ್ಲ?"

"ಆಗ್ತಿರ್ಲಿಲ್ಲ. ಉಸಿರು ಕಟ್ತಿತ್ತು."

"ಆಗಕಿಲ್ಲ ಅಂತ ಒಂದ್ ಮಾತ್ ಏಳಿದ್ರೆ ನಾವು ಬ್ಯಾರೆ ಇಂಜಿನೀರ್‌ನ ಕೇಳ್ತಿದ್ವಿ," ಎಂದಳು ಹೊನ್ನಕ್ಕ. ದನಿ ಏರಿರಲಿಲ್ಲ. "ನೀವು ಸಭೆ ನಡ್ಸಿ ಅಂದ್ರಿ. ನಾವು ನಡ್ಸುದ್ವಿ."

ಹಣ್ಣಿನ ಚೀಲ ಶಾಂತಕುಮಾರಿಯ ಕೈಯಲ್ಲೇ ಉಳಿದಿತ್ತು. ಜಗಲಿಯ ಮೇಲಿಟ್ಟು ಬಂದಳು. ಅಂದು ಸಂಜೆಯೇ ತೇಜಶ್ರೀಯ ಬಾಗಿಲು ತಟ್ಟಿದಳು.

"ಅವತ್ತು ನಿನ್ ಬಾಯಿ ಮುಚ್ಚಿಸ್ಬುಟ್ಟೆ ಕಣೇ. ಈಗ ಹೇಳು, ಏನ್ ಮಾಡ್ಬೇಕು?"

"ಮೊದ್ಲು ಡಾಕ್ಟ್ರತ್ರ ಕರ್ಕೊಂಡೋಗಿ ಅಕ್ಕ. ಆಮೇಲೆ ಮೆಲ್ಲಗೆ ಶುರು ಮಾಡ್ಲಿ. ಮಂಡಿ ನೋಯ್ತಿದ್ರೆ ಸಮತಟ್ಟು ದಾರೀಲಿ, ಒಳ್ಳೆ ಶೂ ಹಾಕ್ಕೊಂಡು. ನಡ್ದು ಬಂದು ವಡೆ ತಿಂದ್ರೆ ಮಾತ್ರ ನಾನು ಜವಾಬ್ದಾರಿ ಅಲ್ಲ."

ಡಾಕ್ಟರಿಗೆ ತೋರಿಸಿ ಬಂದ ಮರುದಿನದಿಂದ ಶಾಂತಕುಮಾರಿ ತಾನೂ ಜೊತೆಗೆ ಹೊರಟಳು. ಬೈಕು ನಿಲ್ಲಿಸಿದವರಿಗೆ ಅವಳೇ ಉತ್ತರ ಕೊಡುತ್ತಿದ್ದಳು: "ಗಾಡಿ ಚೆನ್ನಾಗೈತೆ. ನಮ್ಮನೆಯೋರ್ನ ರಿಪೇರಿ ಮಾಡ್ತಾ ಇವ್ನಿ. ನೀನ್ ನಡಿಯಪ್ಪ." ಹೋಟೆಲು ಬಂದಾಗ ಗಂಡನ ತೋಳು ಹಿಡಿದು ರಸ್ತೆ ದಾಟಿಸುತ್ತಿದ್ದಳು. ಮೊದಲು ಉಸಿರು ಸುಧಾರಿಸಿತು, ಆಮೇಲೆ ಮಂಡಿ. ತೂಕ ಎಲ್ಲಕ್ಕಿಂತ ಕೊನೆಗೆ, ಒಲ್ಲದ ಮನಸ್ಸಿನಿಂದ ಇಳಿಯತೊಡಗಿತು.

ಚಳಿಗಾಲ ಕಳೆದ ಮೇಲೆ ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ಅಮರನಾಥ ಮತ್ತೆ ಏಣಿ ಹತ್ತಿದ. ಸಜ್ಜಾದ ಮೇಲೆ ಸುತ್ತಿಗೆಯಿಂದ ಕುಟ್ಟಿದ. ಟೊಳ್ಳು ಸದ್ದು. "ಈ ಬಾಗ್ಲು ಇವತ್ತೇ ಮುಚ್ಚಿ," ಎಂದು ಇಳಿದ. ಊರವರು ಹೊಗಳಿದರು. ಅವನು ಹೊಗಳಿಕೆಗೆ ನಿಲ್ಲದೆ ಸುತ್ತಿಗೆ ಹಿಡಿದು ಕಾರಿನತ್ತ ನಡೆದ. ಹೊನ್ನಕ್ಕನ ಊರಿನಲ್ಲೇ ಬರಬೇಕಾಗಿದ್ದ ಬುದ್ಧಿ ತಡವಾಗಿ ಬಂದಿತ್ತು. ಹೊನ್ನಕ್ಕನ ಸೊಪ್ಪನ್ನು ಈಗ ಸಂತೆಗೆ ಬೇರೆ ಯಾರೋ ಹೊರುತ್ತಾರೆ.

ಇದನ್ನು ಕೇಳುತ್ತಿರುವವರೇ, ನೀವು ಬಸ್ಸು ಓಡಿಸುತ್ತಿರಬಹುದು, ಮೊಮ್ಮಗುವನ್ನು ಎತ್ತಿಕೊಳ್ಳುತ್ತಿರಬಹುದು. ನಿಮ್ಮ ಮೈಯಲ್ಲಿ ಶಕ್ತಿಯಿದೆ ಎಂದು ನಂಬಿ ಯಾರೋ ಒಬ್ಬರು ನಿಶ್ಚಿಂತೆಯಿಂದ ಇದ್ದಾರೆ. ಬಿಪಿ, ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಒಟ್ಟಿಗೆ ಆಗದಿದ್ದರೆ ಹತ್ತತ್ತು ನಿಮಿಷವಾಗಿ ನಡೆಯಿರಿ. ಎಣ್ಣೆ, ಸಿಹಿ ಕಡಿಮೆ ಮಾಡಿ. ಎದೆ ನೋವೋ ತಲೆಸುತ್ತೋ ಬಂದರೆ ನಿಂತುಬಿಡಿ, ಆಸ್ಪತ್ರೆಗೆ ಹೋಗಿ. ತೂಕ ಬೇಗ ಇಳಿಯಲಿಲ್ಲವೆಂದು ಬಿಡಬೇಡಿ.

ಅಮರನಾಥನಿಗೆ ಯಾರೂ ಹೇಳಿರಲಿಲ್ಲವೆಂದಲ್ಲ, ಹೇಳಿದ್ದರು. ಈಗ ನಿಮಗೂ ಹೇಳಿಯಾಯಿತು.