ಹಿಂತಿರುಗಿ ನೋಡುವ ನೀಲಕ್ಕ

ನೀಲಕ್ಕ ಎಲ್ಲಿಂದ ಎದ್ದರೂ ಒಮ್ಮೆ ಹಿಂತಿರುಗಿ ನೋಡುತ್ತಾಳೆ. ಆಟೋದ ಸೀಟಾಗಲಿ, ಮದುವೆಮನೆಯ ಜಮಖಾನೆಯಾಗಲಿ, ಬೇಗಂಪೇಟೆಯ ಕಚೇರಿಯ ಕುರ್ಚಿಯಾಗಲಿ, ಯಾವುದಕ್ಕೂ ವಿನಾಯಿತಿಯಿಲ್ಲ. ನನ್ನ ಮಗಳು ಅಲ್ಲಲ್ಲಿ ಕಳಚಿ ಬಿಟ್ಟ ಕಾಲುಚೀಲಗಳು ಮನೆಗೆ ಮರಳುವುದು ನನ್ನ ದೊಡ್ಡಮ್ಮನ ಮಗಳಾದ ಇವಳ ಈ ಚಾಳಿಯಿಂದಲೇ.

ಹನ್ನೆರಡರ ಪ್ರಾಯದಲ್ಲಿ ಅವಳು ಶಿವಶರಣಪ್ಪ ಮಾಮಾನ ಹಳೆಯ ಖಾಕಿ ಕೋಟು ತೊಡುತ್ತಿದ್ದಳು. ಅದು ಮೊಣಕಾಲು ಮುಟ್ಟುತ್ತಿತ್ತು. ಜೇಬಿನಲ್ಲಿ ನವಿಲುಗರಿ, ಹಾವಿನ ಪೊರೆ, ಅಂಚು ಒಡೆದ ಭೂತಗನ್ನಡಿ. ಮಾಮಾನ ಕಾರ್ಖಾನೆಯ ಕ್ವಾರ್ಟರ್ಸಿನ ಹಿಂದೆ ಬಂಡೆಯ ಮೇಲೆ ಬಂಡೆ ಪೇರಿಸಿದಂತಿದ್ದ, ಸೀತಾಫಲದ ಪೊದೆ ಹಬ್ಬಿದ ಕಾಡೇ ಅವಳ ಸಾಮ್ರಾಜ್ಯ. ನಾನು ಅವಳ ಪತ್ತೇದಾರಿ ಪಡೆಯ ಏಕೈಕ ಪೇದೆ.

ಎಳ್ಳಮಾವಾಸ್ಯೆಗೆ ಊರಲ್ಲಾದರೆ ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನು ಭೂಮಿತಾಯಿಗೆ ಚರಗವೆಂದು ಚೆಲ್ಲುತ್ತಾರೆ. ಹೈದರಾಬಾದಿನಲ್ಲಿ ನಮಗೆಲ್ಲಿಯ ಹೊಲ? ಆ ಕಾಡಿನ ದೊಡ್ಡ ಬಂಡೆಯೊಂದನ್ನೇ ಹೊಲವೆಂದು ಭಾವಿಸಿ ಸುತ್ತು ಬರುತ್ತಿದ್ದೆವು. ಬೆನ್ನ ಹಿಂದಕ್ಕೆ ಚೆಲ್ಲಬೇಕು, ಚೆಲ್ಲುವವರು ಹಿಂತಿರುಗಿ ನೋಡಕೂಡದೆಂಬುದು ನಮ್ಮ ಮನೆಯ ಕಟ್ಟಳೆ. ಆ ವರ್ಷ ಶರಣಬಸಮ್ಮಜ್ಜಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣುಮುಚ್ಚಿ ಕುಳಿತಿದ್ದಾಗ ಮಂಗವೊಂದು ಅವಳ ಮುಂದಿದ್ದ ಅಡುಗೆಯ ಬುಟ್ಟಿಯ ಬಳಿ ಜಿಗಿಯಿತು. ಅಜ್ಜಿ ಬೆಚ್ಚಿದಳು, ನಾವು ಕೋಲು ಹಿಡಿದು ಅಟ್ಟಿದೆವು, ಇನ್ನೊಂದು ಮಂಗ ಬರುವುದರೊಳಗೆ ಶಾಸ್ತ್ರ ಮುಗಿಯಲೆಂದು ಮಾಮಾ ಬುಟ್ಟಿ ಎತ್ತಿಕೊಂಡು ಹೋಗಿ ಚರಗ ಚೆಲ್ಲಿ ಬಂದರು. ಬಂದು ನೋಡಿದರೆ ಅಜ್ಜಿಯ ಅಂಗೈ ಖಾಲಿ.

“ಲಿಂಗ ಸಿಗೋತನಕ ನನಗ ನೀರು ಸುದ್ದಾ ಬ್ಯಾಡ.”

ಸಕ್ಕರೆ ಕಾಯಿಲೆಯ ಜೀವ. ಆಡಿದ ಮಾತಿಗೆ ಎಂದೂ ತಪ್ಪಿದವಳಲ್ಲ. ಅಮ್ಮ ಅಳತೊಡಗಿದಳು.

“ಮಂಗ್ಯಾನ ಒಯ್ದೈತಿ,” ಎನ್ನುತ್ತ ಮಾಮಾ ಮರಗಳಿಗೆ ಕಲ್ಲೆಸೆಯಹತ್ತಿದರು.

ನೀಲಕ್ಕ ಕೋಟಿನ ತೋಳು ಮಡಚಿಕೊಂಡಳು. “ಮಾಮಾ, ಅದು ಹೊಟ್ಟಿ ಹಸದು ಬಂದಿತ್ತಲ್ರಿ. ಉಂಡಿ ಬಿಟ್ಟು ಕಲ್ಲು ಯಾಕ ಒಯ್ತೈತಿ?”

“ಬಂದ್ಲು ನೋಡ್ರಿ ಸಿಐಡಿ ಬಾಯಿ! ಹಂಗಾರ ನಾ ಒಯ್ದೇನೇನು?”

“ಹೌದ್ರಿ. ಬುಟ್ಟ್ಯಾಗ ಕರಿ ಎಳ್ಳಿನ ಉಂಡಿ ಇದ್ವು. ಮುಟಗಿ ತುಂಬಿ ಹಿಂದಕ್ಕ ಒಗದ್ರಿ. ಏನು ಒಗದ್ರಿ ಅಂತ ನೋಡಿದ್ರೇನು?”

ಮಾಮಾನ ಕೈಯಲ್ಲಿದ್ದ ಕಲ್ಲು ಕೈಯಲ್ಲೇ ಉಳಿಯಿತು. ಅಂಗೈಯಿಂದ ಬುಟ್ಟಿಗೆ ಜಾರಿದ ಕಪ್ಪು ಲೇಪದ ಲಿಂಗಕ್ಕೂ ಎಳ್ಳುಂಡೆಗೂ ಅವಸರದ ಕೈಗೆ ಏನು ಅಂತರ?

ನಾವಿಬ್ಬರೂ ಬಂಡೆಯ ಸುತ್ತ, ಸಜ್ಜೆರೊಟ್ಟಿಯ ಚೂರುಗಳ ಜಾಡು ಹಿಡಿದು, ಪೊದೆಗಳಡಿ ತೆವಳಿದೆವು. ಕಪ್ಪಗೆ ಕಂಡದ್ದಕ್ಕೆಲ್ಲ ನಾನು ಕೈಹಾಕುತ್ತಿದ್ದೆ. ನೀಲಕ್ಕ ತಡೆದಳು. “ಇರುವಿ ಮುತ್ತಿದ್ದೆಲ್ಲಾ ಉಂಡಿ. ಇರುವಿ ಮುಟ್ಟದ್ದು ಹುಡುಕ, ಹುಚ್ಚಿ!”

ಸೀತಾಫಲದ ಬುಡದಲ್ಲಿ, ಇರುವೆಗಳ ಸಾಲು ಬಳಸಿಕೊಂಡು ಹೋಗುತ್ತಿದ್ದ ಜಾಗದಲ್ಲಿ ಅದು ಇತ್ತು. ಒಬ್ಬರ ಲಿಂಗ ಇನ್ನೊಬ್ಬರು ಮುಟ್ಟಬಾರದೆಂದು ಅವಳು ಮುಟ್ಟಲಿಲ್ಲ. ಅಜ್ಜಿಯನ್ನು ಕರೆತರುವವರೆಗೆ ಕೋಟು ಹರಡಿ ಬಿಸಿಲಿಗೆ ನೆರಳು ಹಿಡಿದು ಕುಳಿತಳು. ಲಿಂಗವನ್ನು ತೊಳೆದು, ಕಣ್ಣಿಗೊತ್ತಿಕೊಂಡು, ಪೂಜೆ ಮುಗಿಸಿ ಅಜ್ಜಿ ಕುಡಿದ ಆ ನೀರಿನ ಗುಟುಕಿನ ಸದ್ದು ನನಗಿನ್ನೂ ಕೇಳುತ್ತದೆ.

ಈಗ ಆ ಬಂಡೆಗಳಿಲ್ಲ, ಅಪಾರ್ಟ್‌ಮೆಂಟುಗಳಿವೆ. ಅಜ್ಜಿಯೂ ಇಲ್ಲ. “ಮುಂದ ನೋಡಿ ನಡಿ,” ಎಂದು ಮೆಹದಿಪಟ್ಟಣದ ಬಸ್ಸುಗಳ ನಡುವೆ ಮಗಳಿಗೆ ನಾನೂ ಹೇಳುತ್ತೇನೆ, ಹೇಳಲೇಬೇಕು. ಆದರೂ ಮುನ್ನಡೆಯುವವರ ಕೈಯಿಂದ ಜಾರಿದ್ದನ್ನು ಎತ್ತಿಕೊಡಲು ಹಿಂತಿರುಗಿ ನೋಡುವ ಕುಲವೊಂದು ಲೋಕದಲ್ಲಿದೆ. ಹೊರಟು ನಿಂತ ಪ್ರತಿ ಮನೆಯವರೂ ಅಂಥವರೊಬ್ಬರಿಗಾಗಿ, ಚಪ್ಪಲಿ ಮೆಟ್ಟಿಕೊಂಡು, ಬಾಗಿಲಲ್ಲಿ ಗೊಣಗುತ್ತ ಕಾಯುತ್ತಿರುತ್ತಾರೆ.