ಗುಬ್ಬಿಯ ಮುಂದಿನ ಕೆಂಪು ಗೆರೆ

ಮತ್ತೆ ಏರಿತು, ದಾರ ಕಚ್ಚಿ ತುಂಡರಿಸುವಷ್ಟರಲ್ಲಿ ಮತ್ತೆ ಏರಿತು, ಫೋನಿನಲ್ಲಿ ಗುಬ್ಬಿ ಎಂಬ ಹೆಸರಿನ ಮುಂದೆ ಆ ಕೆಂಪು ಗೆರೆ — ಮನೆಯ ಇಂಟರ್ನೆಟ್ಟನ್ನು ಯಾರು ಎಷ್ಟು ತಿಂದರೆಂದು ಚಾಡಿ ಹೇಳುವ ಆ್ಯಪು, ಅದಕ್ಕೆ ಹೆಸರು ತುಂಬಿದವಳೂ ಅವಳೇ, ತನ್ನ ಫೋನಿಗೆ ಅಮ್ಮ, ಮಗಳ ಫೋನಿಗೆ ಗುಬ್ಬಿ, ಅಮ್ಮನ ಗೆರೆ ಉಗುರಿನಷ್ಟೂ ಇಲ್ಲ, ಗುಬ್ಬಿಯದು ಪರದೆಯ ಆಚೆ ಅಂಚು ಮುಟ್ಟುತ್ತಿದೆ, ತಿಂಗಳು ಇನ್ನೂ ಅರ್ಧ ಕಳೆದಿಲ್ಲ, ಮಿತಿ ಮುಗಿದರೆ ಆಮೇಲೆ ನೆಟ್ಟು ಬಸವನಹುಳು, ಗಿರಾಕಿ ಕಳಿಸಿದ ಗೌನಿನ ಚಿತ್ರ ತೆರೆದುಕೊಳ್ಳುವ ಹೊತ್ತಿಗೆ ಗೌನನ್ನೇ ಹೊಲಿದು ಮುಗಿಸಬಹುದು, ಅಷ್ಟೇ ಚಿಂತೆ, ಬೇರೇನಿಲ್ಲ — ಬೇರೇನಿಲ್ಲದಿದ್ದರೆ ಮಷೀನು ನಿಲ್ಲಿಸಿ ಕೋಣೆಯ ಬಾಗಿಲಿಗೆ ಕಿವಿಕೊಟ್ಟು ಕೂತದ್ದೇಕೆ, ಒಳಗೆ ಮಾತಿಲ್ಲ, ನಗುವಿಲ್ಲ, ಗೆರೆ ಮಾತ್ರ ಬೆಳೆಯುತ್ತದೆ, ಅಂದರೆ ವಿಡಿಯೋ ಕಾಲ್, ಅಂದರೆ ಕನ್ನಡಕದವಳು, ಗಂಡ ತನ್ನನ್ನು ಬಿಟ್ಟು ಕಟ್ಟಿಕೊಂಡವಳು, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿರುವವಳು. ಅಷ್ಟು ಹೊತ್ತು ಏನೇ ಮಾಡ್ತೀರಾ ಎಂದು ಮಗಳನ್ನು ಒಮ್ಮೆ ಕೇಳಿದ್ದಳು, ಏನಿಲ್ಲಮ್ಮ, ನಾನು ಲೆಕ್ಕ ಮಾಡ್ತಿರ್ತೀನಿ, ಅವರು ಫ್ರೇಮ್ ಒರೆಸ್ತಿರ್ತಾರೆ, ಸುಮ್ನೆ ಆನ್ ಇಟ್ಕೊಂಡಿರ್ತೀವಿ. ಸುಮ್ನೆ! ಹರಟೆಯಾದರೆ ಸಹಿಸಬಹುದಿತ್ತು, ಈ ಸುಮ್ಮನಿರುವುದನ್ನು ಹೇಗೆ ಸಹಿಸುವುದು, ತನ್ನ ಜೊತೆ ಮಗಳು ಸುಮ್ಮನೆ ಕೂತು ಯಾವ ಕಾಲವಾಯಿತು, ಊಟಕ್ಕೆ ಕರೆದರೆ ಹೂಂ, ಜಡೆ ಹಾಕಲಾ ಅಂದರೆ ಊಹೂಂ, ಆ ಕನ್ನಡಕದವಳನ್ನು ಮೊದಲು ಆಂಟಿ ಎನ್ನುತ್ತಿದ್ದಳು, ಈಗ ಚಿಕ್ಕಮ್ಮ, ಚಿಕ್ಕದಾದರೂ ಅಮ್ಮ ಸೇರಿಕೊಂಡಿತಲ್ಲ ಅದರೊಳಗೆ. ಪುಸ್ತಕ ಯಾಕೆ ಮೂಗಿಗೆ ಅಂಟಿಸ್ಕೊಂಡಿದ್ದೀಯ ಪುಟ್ಟಾ ಎಂದು ಕಾಲ್‌ನಲ್ಲೇ ಕೇಳಿ, ಅಂಗಡಿಗೆ ಕರೆಸಿಕೊಂಡು ಕಣ್ಣು ಪರೀಕ್ಷೆ ಮಾಡಿಸಿ, ಕನ್ನಡಕ ಹಾಕಿಸಿ ಕಳಿಸಿದವಳೂ ಅವಳೇ — ಅಮ್ಮ, ನಂಗೆ ಬೋರ್ಡ್ ಕಾಣ್ತಿಲ್ಲ ಅಂತ ನಿಂಗೆ ಗೊತ್ತೇ ಆಗ್ಲಿಲ್ವಲ್ಲ, ದಿನವಿಡೀ ಸೂಜಿಯ ಕಣ್ಣಿಗೆ ದಾರ ಪೋಣಿಸುವವಳಿಗೆ ಮಗಳ ಕಣ್ಣು ಕಾಣಲಿಲ್ಲ, ದೀಪದ ಬುಡದಲ್ಲಿ ಕತ್ತಲು, ಹೌದು, ಹೊಟ್ಟೆಕಿಚ್ಚೇ, ಯಾರಿಗೆ ಹೆದರಿ ಡೇಟಾ ಚಿಂತೆ ಎನ್ನಬೇಕು, ಹೊಟ್ಟೆ ಉರಿಯುತ್ತದೆ, ಹೆತ್ತ ಹೊಟ್ಟೆಯೇ ಉರಿಯುತ್ತದೆ. ಗೆರೆ ಮತ್ತೆ ಏರಿತು, ಪಕ್ಕದಲ್ಲೊಂದು ಬಟನ್ ಇದೆ, ತಡೆಹಿಡಿಯಿರಿ, ಮಗಳದು ಸಿಮ್ ಇಲ್ಲದ ಹಳೇ ಫೋನು, ಇದೊಂದು ನಿಂತರೆ ಎಲ್ಲ ನಿಂತಂತೆ, ಬೆರಳು ಯಾವಾಗ ಒತ್ತಿತೋ.

ಅಮ್ಮಾ, ನೆಟ್ ಹೋಯ್ತು. ಈ ತಿಂಗಳದ್ದು ಮುಗೀತು ಕಣೇ, ನಾನೇನ್ ಮಾಡ್ಲಿ. ಸುಳ್ಳು ಎಷ್ಟು ಸಲೀಸಾಗಿ ಬಂತು, ಈಗ ಸಿಡಿಯುತ್ತಾಳೆ, ಬಾಗಿಲು ಬಡಿಯುತ್ತಾಳೆ — ಇಲ್ಲ, ಬಂದು ಪಕ್ಕದಲ್ಲೇ ಕೂತಳು, ಬಟ್ಟೆ ಚೂರುಗಳ ಮೇಲೆಯೇ, ತಲೆ ತಂದು ಭುಜಕ್ಕಿಟ್ಟಳು, ಬಿಸಿಯಾದ ನೆತ್ತಿ, ಅದೇ ಎಳೆಬಿಸಿಲಿನಂಥ ವಾಸನೆ, ಅಲುಗಬಾರದು, ಉಸಿರೂ ಜೋರಾಗಿ ಬಿಡಬಾರದು, ಸುಮ್ಮನೆ, ಇದೇ ಅಲ್ಲವೇ ಆ ಸುಮ್ಮನೆ, ಗೆದ್ದೆ ಕಣೇ ಕನ್ನಡಕದವಳೇ, ಗುಬ್ಬಿ ಗೂಡಿಗೆ ಬಂತು. ಅಮ್ಮ, ನಿನ್ ಫೋನ್ ಕೊಡು ಒಂದ್ನಿಮಿಷ, ಚಿಕ್ಕಮ್ಮ ಕಾಯ್ತಿರ್ತಾರೆ, ಇವತ್ತು ಅಮ್ಮನ ಜೊತೆ ಇರ್ತೀನಿ ಅಂತ ಹೇಳ್ಬಿಡ್ತೀನಿ. ಅಮ್ಮನ ಜೊತೆ ಇರ್ತೀನಿ, ತಗೋ ಮಗಳೇ, ತಗೋ, ಹಿಗ್ಗಿನಲ್ಲಿ ಕೈ ತಾನಾಗಿ ಫೋನು ಚಾಚಿತು, ಮಗಳ ಬೆರಳು ಅದನ್ನು ಹಿಡಿದುಕೊಂಡಿತು, ಆಗ ನೆನಪಾಯಿತು, ಮುಚ್ಚಿರಲಿಲ್ಲ, ಆ್ಯಪಿನ ಆ ಪುಟ ಮುಚ್ಚಿರಲಿಲ್ಲ — ಭುಜದ ಮೇಲಿನ ಭಾರ ಎದ್ದುಹೋಯಿತು, ಮಗಳು ಓದುತ್ತಿದ್ದಾಳೆ, ಈಗವಳಿಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ, ಗುಬ್ಬಿ, ತಡೆಹಿಡಿಯಲಾಗಿದೆ, ಏನಾದರೂ ಹೇಳೇ, ಬೈಯೇ, ಕನ್ನಡಕದ ಗಾಜಿನಲ್ಲಿ ಕೆಂಪು ಗೆರೆ, ಎರಡು ಗಾಜಿನಲ್ಲೂ, ಕೆಂಪು ಗೆರೆ, ಏರುತ್ತಿಲ್ಲ, ಕೆಂಪು ಗೆರೆ